ಒಂದು ಯುದ್ಧ ಕೊಡಿ, ಅಮರನಾಗುತ್ತೇನೆ

ಅಮೆರಿಕದ ಅಧ್ಯಕ್ಷರು ಎರಡು ಸಲ ಗೆಲ್ಲಬೇಕು. ಮೊದಲನೆಯದು ಜನರ ಮುಂದೆ, ಎರಡನೆಯದು ಇತಿಹಾಸಕಾರರ ಮುಂದೆ. ಜನರ ತೀರ್ಪು ನಾಲ್ಕು ವರ್ಷಕ್ಕೆ ಹಳಸುತ್ತದೆ. ಇತಿಹಾಸಕಾರರ ತೀರ್ಪಿಗೆ ಅಧ್ಯಕ್ಷರು ಸತ್ತರೂ ಬಿಡುಗಡೆಯಿಲ್ಲ. 1948ರಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕ ಆರ್ಥರ್ ಶ್ಲೆಸಿಂಗರ್ 55 ಮಂದಿ ಪಂಡಿತರನ್ನು ಕೇಳಿ, ಅಧ್ಯಕ್ಷರಿಗೆಲ್ಲ ಹೈಸ್ಕೂಲು ಹುಡುಗರಿಗೆ ಕೊಡುವಂತೆ ದರ್ಜೆ ಕೊಟ್ಟು ‘ಲೈಫ್’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಮೊದಲು ಲಿಂಕನ್, ಆಮೇಲೆ ವಾಷಿಂಗ್ಟನ್, ಆಮೇಲೆ ಫ್ರಾಂಕ್ಲಿನ್ ರೂಸ್‌ವೆಲ್ಟ್. 2021ರಲ್ಲಿ ಸಿ-ಸ್ಪ್ಯಾನ್ ವಾಹಿನಿ ಮತ್ತೆ ಕೇಳಿತು. ಅದೇ ಮೂವರು, ಅದೇ ಸಾಲು. ಒಬ್ಬರದು ಅಂತರ್ಯುದ್ಧ, ಒಬ್ಬರದು ಸ್ವಾತಂತ್ರ್ಯ ಯುದ್ಧ, ಒಬ್ಬರದು ಎರಡನೇ ಮಹಾಯುದ್ಧ. ಯುದ್ಧದ ಕಥೆ ಕೇಳಲು ಚೆಂದ ಎಂದಷ್ಟೇ ನಮ್ಮ ಹಿರಿಯರು ಹೇಳಿದ್ದರು. ಕಥೆಯ ಜೊತೆ ರ‍್ಯಾಂಕೂ ಉಚಿತ ಎಂದು ಕಂಡುಹಿಡಿದವರು ಅಮೆರಿಕನ್ನರು.

ಈ ಗುಟ್ಟನ್ನು ಮುಚ್ಚುಮರೆಯಿಲ್ಲದೆ ಹೊರಗೆ ಹಾಕಿದ ಪುಣ್ಯಾತ್ಮ ಥಿಯೊಡೋರ್ ರೂಸ್‌ವೆಲ್ಟ್. 1901ರಿಂದ 1909ರವರೆಗೆ ಅಧಿಕಾರದಲ್ಲಿದ್ದರು. ಪಾಪ, ಹೇಳಿಕೊಳ್ಳುವಂಥ ಒಂದು ಯುದ್ಧವೂ ಕೈಗೆ ಹತ್ತಲಿಲ್ಲ. ರಷ್ಯಾ ಮತ್ತು ಜಪಾನ್ ಹೊಡೆದಾಡುತ್ತಿದ್ದಾಗ ನಡುವೆ ಹೋಗಿ ರಾಜಿ ಮಾಡಿಸಿದ್ದಕ್ಕೆ 1906ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಬೇರೆ ಯಾರೇ ಆಗಿದ್ದರೂ ಅದನ್ನು ಗೋಡೆಗೆ ನೇತುಹಾಕಿ ಹಾಯಾಗಿರುತ್ತಿದ್ದರು. ಇವರು 1910ರಲ್ಲಿ ಕೇಂಬ್ರಿಜ್‌ನಲ್ಲಿ ಭಾಷಣಕ್ಕೆ ನಿಂತು, ಯುದ್ಧವಿಲ್ಲದೆ ಮಹಾ ಸೇನಾಪತಿ ಹುಟ್ಟುವುದಿಲ್ಲ, ಲಿಂಕನ್ ಕೂಡ ಶಾಂತಿಕಾಲದಲ್ಲಿ ಬದುಕಿದ್ದರೆ ಅವರ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ ಎಂದರು. ಹೊಟ್ಟೆಕಿಚ್ಚನ್ನು ಇಷ್ಟು ವಿದ್ವತ್ಪೂರ್ಣವಾಗಿ ಹೊರಹಾಕಿದವರು ಅಪರೂಪ. ಕೊನೆಗೆ ರಶ್‌ಮೋರ್ ಬೆಟ್ಟದಲ್ಲಿ ಅವರ ಮುಖವನ್ನೂ ಕೊರೆದರು. ಲಿಂಕನ್ ಪಕ್ಕದಲ್ಲೇ. ಸೇಡು ತೀರಿತು.

ಹಾಗಾದರೆ ಯುದ್ಧವೊಂದು ಬಂದರೆ ಸಾಕೇ? ಜೇಮ್ಸ್ ಬುಕ್ಯಾನನ್ ಅವರನ್ನು ಕೇಳಿ. ಲಿಂಕನ್ ಕೈಗೆ ಬಂದ ಪ್ರಶ್ನೆಪತ್ರಿಕೆ ಅವರಿಗಿಂತ ಮೊದಲೇ ಬುಕ್ಯಾನನ್ ಕೈಗೆ ಬಂದಿತ್ತು. ದಕ್ಷಿಣದ ರಾಜ್ಯಗಳು ಒಕ್ಕೂಟ ಬಿಡಲು ಸಜ್ಜಾದಾಗ, ಹೀಗೆ ಹೋಗಲು ರಾಜ್ಯಗಳಿಗೆ ಅಧಿಕಾರವಿಲ್ಲ, ತಡೆಯಲು ನನಗೂ ಅಧಿಕಾರವಿಲ್ಲ ಎಂದು 1860ರ ಡಿಸೆಂಬರಿನಲ್ಲಿ ಸಂಸತ್ತಿಗೆ ಬರೆದು ಕಳಿಸಿದರು. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇದಕ್ಕಿಂತ ನುರಿತ ಕೈಯನ್ನು ಇತಿಹಾಸ ಕಂಡಿಲ್ಲ. ಲಿಂಕನ್ ಪ್ರಮಾಣವಚನ ಸ್ವೀಕರಿಸುವ ಹೊತ್ತಿಗೆ ಏಳು ರಾಜ್ಯಗಳು ಗಂಟುಮೂಟೆ ಕಟ್ಟಿಯಾಗಿತ್ತು. 2021ರ ಪಟ್ಟಿಯಲ್ಲಿ 44 ಹೆಸರುಗಳು. ಬುಕ್ಯಾನನ್ ಅವರದು 44ನೆಯದು.

ಲಿಂಕನ್ ಅವರದಾದರೂ ಬರೆದಿಟ್ಟ ಗೆಲುವಲ್ಲ. 1864ರ ಆಗಸ್ಟ್ 23ರಂದು ಅವರು ಒಂದು ಚೀಟಿ ಬರೆದರು. ಈ ಚುನಾವಣೆಯಲ್ಲಿ ನಾನು ಸೋಲುವುದು ಬಹುತೇಕ ಖಚಿತ, ಗೆದ್ದವರು ಅಧಿಕಾರ ವಹಿಸಿಕೊಳ್ಳುವ ಮೊದಲೇ ಒಕ್ಕೂಟವನ್ನು ಉಳಿಸಲು ಅವರೊಂದಿಗೆ ಸಹಕರಿಸಬೇಕು ಎಂಬುದು ಅದರ ಒಕ್ಕಣೆ. ಕಾಗದವನ್ನು ಮಡಿಸಿ, ಒಳಗೇನಿದೆ ಎಂದು ತೋರಿಸದೆ, ಮಂತ್ರಿಗಳ ಕೈಯಲ್ಲಿ ಬೆನ್ನ ಮೇಲೆ ಸಹಿ ಹಾಕಿಸಿದರು. ಓದದೆ ಸಹಿ ಹಾಕುವ ಮಂತ್ರಿಗಳು ಎಲ್ಲ ದೇಶದಲ್ಲೂ ಇದ್ದಾರೆ ಬಿಡಿ. ಹತ್ತು ದಿನ ಕಳೆದ ಮೇಲೆ, ಸೆಪ್ಟೆಂಬರ್ 2ರಂದು, ಜನರಲ್ ಶರ್ಮನ್ ಪಡೆ ಅಟ್ಲಾಂಟಾ ಹಿಡಿಯಿತು. ನವೆಂಬರಿನಲ್ಲಿ ಲಿಂಕನ್ ಗೆದ್ದರು. ಶರ್ಮನ್ ಇನ್ನೆರಡು ತಿಂಗಳು ತಡಮಾಡಿದ್ದರೆ, ಲಕ್ಷಾಂತರ ಜನರನ್ನು ಸಾಯಿಸಿಯೂ ದೇಶ ಉಳಿಸಲಾಗದೆ ಮನೆಗೆ ಹೋದ ಇಲಿನಾಯ್ ವಕೀಲರೊಬ್ಬರಿಗೆ ಪಂಡಿತರು ಎಷ್ಟು ಅಂಕ ಕೊಡುತ್ತಿದ್ದರು? ಆ ಯುದ್ಧದಲ್ಲಿ ಸತ್ತವರು ಸುಮಾರು 6,20,000 ಎಂದು ಬಹುಕಾಲ ಲೆಕ್ಕ ಹೇಳುತ್ತಿದ್ದರು. ಅವರಿಗೆ ಯಾವ ಪಟ್ಟಿಯಲ್ಲೂ ಸ್ಥಾನವಿಲ್ಲ. ಅವರು ಬರೀ ಉತ್ತರಪತ್ರಿಕೆಯ ಶಾಯಿ.

ಲಿಂಕನ್ ಬರೆದ ಪರೀಕ್ಷೆಯ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಿದವರು ಬೇರೆಯವರು. ಇನ್ನು ಕೆಲವು ಜಾಣರಿಗೆ ಅಷ್ಟು ಕಾಯುವ ತಾಳ್ಮೆ ಇರಲಿಲ್ಲ. ಪ್ರಶ್ನೆಪತ್ರಿಕೆಯನ್ನೂ ತಾವೇ ಬರೆದುಕೊಂಡರು. ಈ ವಿದ್ಯೆಯ ಆದಿಗುರು ಜೇಮ್ಸ್ ಪೋಕ್. ಮೆಕ್ಸಿಕೊದವರು ನಮ್ಮ ನೆಲದಲ್ಲಿ ನಮ್ಮವರ ರಕ್ತ ಚೆಲ್ಲಿದ್ದಾರೆ ಎಂದು 1846ರಲ್ಲಿ ಯುದ್ಧ ಹೂಡಿದರು. ರಕ್ತ ಬಿದ್ದ ಆ ಜಾಗ ಯಾವುದು, ಅದು ನಿಜಕ್ಕೂ ನಮ್ಮದೇ ನೆಲವಾ, ತೋರಿಸಿ ನೋಡೋಣ ಎಂದು ಮೊದಲ ಸಲ ಗೆದ್ದು ಬಂದ ಸಂಸದರೊಬ್ಬರು ಪಟ್ಟು ಹಿಡಿದರು. ವಿರೋಧಿಗಳು ಅವರಿಗೆ ಅಡ್ಡಹೆಸರಿಟ್ಟು ಗೇಲಿ ಮಾಡಿದರು. ಆ ಸಂಸದರ ಹೆಸರು ಅಬ್ರಹಾಂ ಲಿಂಕನ್. ಅತ್ತ ಪೋಕ್ ಅವರಿಗೆ ಕ್ಯಾಲಿಫೋರ್ನಿಯಾ ಸಿಕ್ಕಿತು.

1964ರ ಆಗಸ್ಟಿನಲ್ಲಿ ಲಿಂಡನ್ ಜಾನ್ಸನ್ ಅವರಿಗೆ ಟೊಂಕಿನ್ ಕೊಲ್ಲಿಯಲ್ಲಿ ಎರಡು ದಾಳಿಗಳು ಕಂಡವು. ಎರಡನೆಯದು ನಡೆದೇ ಇರಲಿಲ್ಲ. ನಡೆಯದ ದಾಳಿಗೆ ತಕ್ಕ ಶಾಸ್ತಿಯಾಗಲೇಬೇಕೆಂದು ಕೆಳಮನೆ 416 ಮತಗಳಿಂದ ಒಪ್ಪಿಗೆ ಕೊಟ್ಟಿತು, ವಿರುದ್ಧ ಸೊನ್ನೆ. ಸೆನೆಟ್‌ನಲ್ಲಿ 88 ಪರ, 2 ವಿರುದ್ಧ. ನಾಗರಿಕ ಹಕ್ಕುಗಳ ಕಾಯ್ದೆ ತಂದವರು, ಮುದುಕರಿಗೆ ಮೆಡಿಕೇರ್ ಕೊಟ್ಟವರು ಇದೇ ಜಾನ್ಸನ್. ಮನೆಯ ಒಳಗೆ ಕಟ್ಟಿದ್ದನ್ನೆಲ್ಲ ವಿಯೆಟ್ನಾಂ ನುಂಗಿತು. ಸತ್ತ ಅಮೆರಿಕನ್ ಸೈನಿಕರೇ 58,000ಕ್ಕೂ ಹೆಚ್ಚು. ವಿಯೆಟ್ನಾಮಿಗಳ ಲೆಕ್ಕ ಲಕ್ಷಗಳಲ್ಲಿ. 1968ರ ಮಾರ್ಚ್ 31ರಂದು ಟೀವಿಯಲ್ಲಿ ಬಂದು, ಮತ್ತೆ ಸ್ಪರ್ಧಿಸುವುದಿಲ್ಲ ಎಂದು ಕೈಮುಗಿದರು.

ಇನ್ನು ಜಾರ್ಜ್ ಡಬ್ಲ್ಯು. ಬುಷ್. 2003ರ ಮೇ 1ರಂದು ಪೈಲಟ್ ಉಡುಪು ತೊಟ್ಟು, ಕಂಕುಳಲ್ಲಿ ಹೆಲ್ಮೆಟ್ ಇಟ್ಟುಕೊಂಡು ಯುದ್ಧನೌಕೆಯ ಮೇಲೆ ಇಳಿದರು. ಆಮೇಲೆ ಸೂಟು ಹಾಕಿಕೊಂಡು ಬಂದು, ಇರಾಕಿನಲ್ಲಿ ಮುಖ್ಯ ಕಾಳಗ ಮುಗಿಯಿತೆಂದು ಸಾರಿದರು. ಬೆನ್ನ ಹಿಂದೆ ‘ಕಾರ್ಯ ಮುಗಿಯಿತು’ ಎನ್ನುವ ದೊಡ್ಡ ಬ್ಯಾನರ್. ಹಡಗಿದ್ದುದು ಬಾಗ್ದಾದಿನ ಹತ್ತಿರವೇನಲ್ಲ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ತೀರದಾಚೆ. ಉತ್ತರನ ಪೌರುಷಕ್ಕೆ ಒಲೆ ಬೇಕು, ಇವರಿಗೆ ವಿಮಾನವಾಹಕ ನೌಕೆಯೇ ಬೇಕಾಯಿತು. ನೌಕೆಯ ಹೆಸರೂ ‘ಅಬ್ರಹಾಂ ಲಿಂಕನ್’. ಮಹಾಪುರುಷರ ಹೆಗಲೇರಿ ನಿಲ್ಲುವುದನ್ನು ಇಷ್ಟು ಅಕ್ಷರಶಃ ಮಾಡಿದವರು ಇನ್ನೊಬ್ಬರಿಲ್ಲ. ಹುಡುಕಹೊರಟ ಮಹಾಸಂಹಾರಕ ಅಸ್ತ್ರಗಳು ಸಿಗಲಿಲ್ಲ. ಕಾರ್ಯ ಅನಂತರ ಎಂಟು ವರ್ಷ ಮುಗಿಯಲಿಲ್ಲ. 2009ರಲ್ಲಿ ಪಂಡಿತರು ಕೊಟ್ಟ ಸ್ಥಾನ 36. ಆದರೂ 2021ಕ್ಕೆ 29ಕ್ಕೆ ಏರಿದ್ದಾರೆ. ಏನೂ ಮಾಡದೆ ಮನೆಯಲ್ಲಿ ಕೂತು ಚಿತ್ರ ಬಿಡಿಸುತ್ತಿದ್ದರೂ ರ‍್ಯಾಂಕ್ ಏರುತ್ತದೆ ಎಂದ ಮೇಲೆ, ಮೊದಲೇ ಹಾಗೆ ಕೂತಿದ್ದರೆ ಎಷ್ಟು ಜೀವ ಉಳಿಯುತ್ತಿತ್ತೋ.

ಅಂಕ ಕೊಡುವ ಮೇಷ್ಟ್ರುಗಳ ಧಾರಾಳವನ್ನೂ ನೋಡಬೇಕು. ವುಡ್ರೋ ವಿಲ್ಸನ್ ನಮ್ಮನ್ನು ಯುದ್ಧದಿಂದ ಕಾಪಾಡಿದರು ಎಂಬ ಘೋಷಣೆಯ ಮೇಲೆ 1916ರ ನವೆಂಬರಿನಲ್ಲಿ ಗೆದ್ದು, 1917ರ ಏಪ್ರಿಲಿನಲ್ಲಿ ದೇಶವನ್ನು ಯುದ್ಧಕ್ಕೆ ನೂಕಿದರು. ಸಮಾಜವಾದಿ ನಾಯಕ ಯೂಜಿನ್ ಡೆಬ್ಸ್ ಓಹಾಯೊದ ಕ್ಯಾಂಟನ್‌ನಲ್ಲಿ ಯುದ್ಧದ ವಿರುದ್ಧ ಒಂದು ಭಾಷಣ ಮಾಡಿದ್ದಕ್ಕೆ ಹತ್ತು ವರ್ಷ ಸಜೆಯಾಯಿತು. ಜೈಲಿನಲ್ಲಿದ್ದುಕೊಂಡೇ 1920ರ ಅಧ್ಯಕ್ಷ ಚುನಾವಣೆಗೆ ನಿಂತು ಡೆಬ್ಸ್ 9 ಲಕ್ಷಕ್ಕೂ ಹೆಚ್ಚು ಮತ ತಂದರು. ಯುದ್ಧ ಮುಗಿದ ಮೇಲೂ ಡೆಬ್ಸ್ ಅವರನ್ನು ವಿಲ್ಸನ್ ಬಿಡಲಿಲ್ಲ. ಬಿಟ್ಟವರು ವಾರನ್ ಹಾರ್ಡಿಂಗ್, 1921ರ ಕ್ರಿಸ್‌ಮಸ್‌ಗೆ. ಬಿಟ್ಟಿದ್ದಷ್ಟೇ ಅಲ್ಲ, ಶ್ವೇತಭವನಕ್ಕೆ ಕರೆಸಿ ಭೇಟಿ ಮಾಡಿದರು. ಬ್ರಿಟನ್, ಜಪಾನ್‌ಗಳನ್ನು ವಾಷಿಂಗ್ಟನ್ನಿಗೆ ಕರೆದು, ಯುದ್ಧನೌಕೆಗಳನ್ನು ಮಿತಿಗೊಳಿಸುವ ಒಪ್ಪಂದವನ್ನೂ ಅದೇ ಚಳಿಗಾಲದಲ್ಲಿ ಮಾಡಿಸಿದರು. ಹಾರ್ಡಿಂಗ್ ಸಂಪುಟ ಎಣ್ಣೆಹಗರಣದಲ್ಲಿ ಮುಳುಗಿದ್ದೂ ನಿಜವೇ. ವಿಲ್ಸನ್ ಸ್ಥಾನ 13, ಹಾರ್ಡಿಂಗ್ ಸ್ಥಾನ 37. 1922ರ ಮೇ 30ರಂದು ಲಿಂಕನ್ ಸ್ಮಾರಕವನ್ನು ದೇಶದ ಪರವಾಗಿ ಸ್ವೀಕರಿಸಿದ್ದೂ ಇದೇ ಹಾರ್ಡಿಂಗ್. ಗುಲಾಮಗಿರಿ ಅಳಿಸಿದವರ ಗುಡಿಯ ಪ್ರವೇಶೋತ್ಸವದಲ್ಲಿ ಕಪ್ಪು ಜನರನ್ನು ಬೇರೆ ಕೂರಿಸಿದ್ದರು. ಯುದ್ಧ ಗೆದ್ದದ್ದನ್ನು ಕಲ್ಲಿನಲ್ಲಿ ಕಟ್ಟಬಹುದು, ಯಾತಕ್ಕೆ ಗೆದ್ದೆವು ಎಂಬುದಕ್ಕೆ ಕುರ್ಚಿ ಹಾಕುವುದು ಕಷ್ಟ.

ಮೂರನೇ ಸ್ಥಾನದ ಫ್ರಾಂಕ್ಲಿನ್ ರೂಸ್‌ವೆಲ್ಟ್ 1942ರ ಫೆಬ್ರವರಿಯಲ್ಲಿ ಒಂದು ಆದೇಶಕ್ಕೆ ಸಹಿ ಹಾಕಿದರು. ಆದೇಶದ ಸಂಖ್ಯೆ 9066. ಜಪಾನ್ ಮೂಲದ ಸುಮಾರು 1,20,000 ಜನ ಮನೆ, ಅಂಗಡಿ, ಹೊಲ ಬಿಟ್ಟು ಮುಳ್ಳುತಂತಿಯ ಶಿಬಿರ ಸೇರಿದರು. ಮೂರರಲ್ಲಿ ಎರಡು ಪಾಲು ಅಮೆರಿಕದ್ದೇ ಪ್ರಜೆಗಳು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ ಬದುಕುಳಿದವರಿಗೆ ತಲಾ 20,000 ಡಾಲರ್ ಕೊಟ್ಟಿತು. ಹಿಟ್ಲರನನ್ನು ಸೋಲಿಸಿದವರ ಪಟ್ಟಿಯಲ್ಲಿ ಇದು ಅಡಿಟಿಪ್ಪಣಿ.

ಈಗ ಯುದ್ಧ ತಪ್ಪಿಸಿದವರ ಕಡೆ ಬನ್ನಿ. ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಫ್ರಾನ್ಸ್ ಜೊತೆ ಸಮುದ್ರದಲ್ಲಿ ಕಾದಾಟ ನಡೆಯುತ್ತಿದ್ದರೂ, ಪೂರಾ ಯುದ್ಧವಾಗಲಿ ಎಂದು ಸ್ವಪಕ್ಷದವರೇ ಕುಣಿಯುತ್ತಿದ್ದರೂ, ರಾಯಭಾರಿಗಳನ್ನು ಕಳಿಸಿ 1800ರಲ್ಲಿ ಒಪ್ಪಂದ ಮಾಡಿಕೊಂಡರು. ಅದೇ ವರ್ಷದ ಚುನಾವಣೆಯಲ್ಲಿ ಸೋತರು. ಫ್ರಾನ್ಸ್ ಜೊತೆ ಶಾಂತಿಯ ಹೊಣೆ ಹೊತ್ತವನು ಎಂದಷ್ಟೇ ನನ್ನ ಗೋರಿಯ ಮೇಲೆ ಬರೆದರೆ ಸಾಕು ಎಂದು ಮುದಿವಯಸ್ಸಿನಲ್ಲಿ ಹೇಳಿಕೊಂಡರು. ಇನ್ನು ಜಿಮ್ಮಿ ಕಾರ್ಟರ್. ಇರಾನಿನಲ್ಲಿ 52 ಮಂದಿ 444 ದಿನ ಒತ್ತೆಯಲ್ಲಿದ್ದರು. ಬಿಡಿಸಲು ಕಳಿಸಿದ ತಂಡದ ಎಂಟು ಮಂದಿ ಮರುಭೂಮಿಯಲ್ಲಿ ಸತ್ತರು. ಬಾಂಬು ಸುರಿಸಿದ್ದರೆ ಕಾರ್ಟರ್ ಜನಪ್ರಿಯತೆ ಒಂದೇ ರಾತ್ರಿಯಲ್ಲಿ ಏರುತ್ತಿತ್ತು, ಒತ್ತೆಯಾಳುಗಳು ಹೆಣವಾಗಿ ಬರುತ್ತಿದ್ದರು. ಅವರು ಸುರಿಸಲಿಲ್ಲ. 52 ಮಂದಿಯೂ ಜೀವಂತ ಬಂದರು, ಅದೂ ರೇಗನ್ ಪ್ರಮಾಣವಚನ ಮುಗಿದ ಕೆಲವೇ ನಿಮಿಷಗಳಲ್ಲಿ ಬಿಡುಗಡೆಯಾಗಿ. ಅದೇ ರೇಗನ್ 1983ರ ಅಕ್ಟೋಬರಿನಲ್ಲಿ ಬೈರೂತಿನ ಸ್ಫೋಟದಲ್ಲಿ 241 ಸೈನಿಕರನ್ನು ಕಳೆದುಕೊಂಡ ಎರಡೇ ದಿನಕ್ಕೆ, ಸುಮಾರು ಒಂದು ಲಕ್ಷ ಜನರಿರುವ ಗ್ರೆನೆಡಾ ದ್ವೀಪದ ಮೇಲೆ ದಂಡೆತ್ತಿ ಗೆದ್ದರು. ಗ್ರೆನೆಡಾದಿಂದಲೇ ಹೆಸರು ಬಂತೆಂದು ಯಾರೂ ಹೇಳುವುದಿಲ್ಲ. ಆದರೆ ರೇಗನ್ 9, ಕಾರ್ಟರ್ 26.

ಸಿ-ಸ್ಪ್ಯಾನ್ ಸಮೀಕ್ಷೆಯಲ್ಲಿ ಹತ್ತು ಮಾನದಂಡಗಳಿವೆ. ಬಿಕ್ಕಟ್ಟಿನಲ್ಲಿ ನಾಯಕತ್ವ ಹೇಗಿತ್ತು ಎನ್ನುವುದು ಅದರಲ್ಲೊಂದು. ಬಿಕ್ಕಟ್ಟೇ ಬಾರದಂತೆ ನೋಡಿಕೊಂಡರಾ ಎಂಬುದು ಹನ್ನೊಂದನೆಯದಾಗಿ ಸೇರಲಿ ಎಂದು ನನ್ನದೊಂದು ಅರ್ಜಿ. ಪುರಾವೆ ಎಲ್ಲಿ ಎಂದು ಪಂಡಿತರು ಕೇಳುತ್ತಾರೆ, ನ್ಯಾಯವೇ. ನಡೆಯದ ಯುದ್ಧಕ್ಕೆ ದಿನಾಂಕವಿಲ್ಲ, ಭೂಪಟವಿಲ್ಲ, ಹಡಗಿನ ಮೇಲಿನ ಫೋಟೊ ಇಲ್ಲ. ಇರುವ ಪುರಾವೆಯೆಂದರೆ ಸಾಯದೇ ಉಳಿದ ಜನ. ತಾವು ಸಾಯಬೇಕಾಗಿತ್ತು ಎಂಬುದೇ ಅವರಿಗೆ ಗೊತ್ತಿರುವುದಿಲ್ಲ. ಪೆಟ್ರೋಲ್ ದುಬಾರಿಯಾಯಿತೆಂದು ಬೈದುಕೊಳ್ಳುತ್ತಾ ಮತಗಟ್ಟೆಗೆ ಹೋಗಿ, ತಮ್ಮನ್ನು ಉಳಿಸಿದವರನ್ನೇ ಸೋಲಿಸಿ ಬಂದಿರುತ್ತಾರೆ.