ಬೇಯದ ಬೇಳೆಯ ಹಿನ್ನೆಲೆಯಲ್ಲಿ ಜಲಲವಣತೆ: ಒಂದು ತಾತ್ವಿಕ ಅನುಸಂಧಾನ

ಪ್ರಸ್ತುತ ಪ್ರಬಂಧವು ನೀರಿನ ಉಪ್ಪನ್ನು ನಾಲಗೆಯ ಏಕಸ್ವಾಮ್ಯದಿಂದ ಬಿಡಿಸಿ ಶಾಸ್ತ್ರದ ವಶಕ್ಕೊಪ್ಪಿಸುವ ವಿನಮ್ರ ಯತ್ನ. ನಾಲಗೆಯು ವ್ಯಕ್ತಿನಿಷ್ಠ, ಅಶಿಕ್ಷಿತ, ಮೇಲಾಗಿ ಒದ್ದೆ. ಅದರ ಸಾಕ್ಷ್ಯ ಅಗ್ರಾಹ್ಯ.

ಪೂರ್ವಸೂರಿಗಳಲ್ಲಿ ಛಾಂದೋಗ್ಯದ ಉದ್ದಾಲಕ ಮೊದಲಿಗ. ನೀರಲ್ಲಿ ಉಪ್ಪು ಕರಗಿಸಿ, ಮಗ ಶ್ವೇತಕೇತುವಿಗೆ ಮೇಲಿಂದ, ನಡುವಿಂದ, ತಳದಿಂದ ಕುಡಿಸಿ ನೋಡಿದ. ಕೈಯಲ್ಲಿ ಮೀಟರು ಇರಲಿಲ್ಲವಾಗಿ ಅವನ ಸಂಶೋಧನೆ ಬ್ರಹ್ಮಜ್ಞಾನದಲ್ಲೇ ನಿಂತುಹೋಯಿತು. 1902ರಲ್ಲಿ ಯುರೋಪಿನ ಕಡಲ ಪಂಡಿತರು ಸಮುದ್ರದ ನೀರನ್ನು ಒಣಗಿಸಿ, ಕಾರ್ಬೊನೇಟನ್ನು ಆಕ್ಸೈಡಾಗಿಸಿ, ಬ್ರೋಮಿನ್ನನ್ನು ಕ್ಲೋರಿನ್ನೆಂದು ಬಗೆದು, ಕಿಲೋಗೆ ಇಷ್ಟು ಗ್ರಾಂ ಎಂದು ತೂಗಿದರು. ಕಡಲಿಗೆ ಸುಮಾರು 35 ಬಂತು. 1978ರ ಮಾಪಕ ತಕ್ಕಡಿಯನ್ನೂ ಬಿಟ್ಟು, ವಿದ್ಯುತ್ತು ಹರಿಯುವ ಸಲೀಸನ್ನು ಪೊಟಾಸಿಯಂ ಕ್ಲೋರೈಡ್ ದ್ರಾವಣದೊಡನೆ ಹೋಲಿಸಿತು. ಆಗಲೂ 35 ಬರುವಂತೆಯೇ ನೋಡಿಕೊಂಡರು. ಯಾವುದರ 35? ಯಾವುದರದ್ದೂ ಅಲ್ಲ, ಅದಕ್ಕೆ ಏಕಮಾನವೇ ಇಲ್ಲ. ನಿರ್ಗುಣ, ನಿರಾಕಾರ.

ಲೌಕಿಕ ಲವಣತೆಯಾದರೋ ಚತುರ್ವಿಧ. ಒಂದು, ರಾಸನಿಕ: ಬಾಯಿಗಿಟ್ಟರೆ ತಿಳಿಯುವುದು. ಎರಡು, ಪಾಕಸ್ತಂಭಕ: ಬೇಳೆ ಬೇಯದಿರುವುದು, ಚಹಾದ ಹಾಲು ಒಡೆಯುವುದು. ಮೂರು, ಫೇನಾಭಾವಲಕ್ಷಣ: ಸಾಬೂನು ನೊರೆ ಬಾರದಿರುವುದು, ಇದನ್ನು ಗಡಸುತನವೆಂದು ಕರೆದು ಬೇರೆ ಪೀಠಕ್ಕೆ ವರ್ಗಾಯಿಸಲಾಗಿದೆ. ನಾಲ್ಕನೆಯದು ಏನೋ ಇತ್ತು. ಬಿಡಿ.

ರಾಯಚೂರು ಕಡೆಯ ಊರೊಂದರಲ್ಲಿ ಅಧಿಕಾರಿ ಪೆನ್ನಿನಂಥ ಮೀಟರನ್ನು ಕೊಳವೆಬಾವಿ ನೀರಿನ ಕೊಡದಲ್ಲಿ ಅದ್ದಿ 'ಮಿತಿಯೊಳಗಿದೆ' ಎನ್ನುತ್ತಾರೆ. ಅಜ್ಜಿ "ಸವಳು ನೀರ್ರಿ ಸಾಹೇಬ್ರ, ಬ್ಯಾಳಿ ಬೇಯಂಗಿಲ್ಲ" ಎಂದರೆ ಅದು ಬರೀ ಅಭಿಪ್ರಾಯ. ಯಾವ ಮಿತಿ? ಭಾರತೀಯ ಮಾನಕ 10500ರ ಪ್ರಕಾರ ಕರಗಿದ ಘನವಸ್ತು ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. ನೀರು ಅದೇ, ಉಪ್ಪು ಅದೇ. ಗತಿಯಿಲ್ಲದವರ ಗಂಟಲಿಗೆ ಇಳಿಯುವಾಗ ಮಾತ್ರ ಸಪ್ಪೆ! ಇದು ಯಾವ ರಸಾಯನಶಾಸ್ತ್ರ? ಮಾನಕದ ಆ ವಾಕ್ಯ ಬರೆದವರ ಮನೆಯಲ್ಲಿ ಒಂದು ದಿನವಾದರೂ ಈ ನೀರಲ್ಲಿ ಬೇಳೆ ಇಟ್ಟಿದ್ದರೆ?

ಇನ್ನು ಆ ಮೀಟರಿಗೆ ಒಟ್ಟು ಎಷ್ಟೆಂದು ಗೊತ್ತೇ ಹೊರತು ಯಾವ ಲವಣವೆಂದು ಗೊತ್ತಿಲ್ಲ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡು ನಾಲಗೆಗೂ ಸಿಗದು, ಮೀಟರಿಗೂ ಸಿಗದು. ಮಕ್ಕಳ ಹಲ್ಲಿನ ಕಂದು ಕಲೆಯಲ್ಲಿ, ಹಿರಿಯರ ಬಗ್ಗದ ಬೆನ್ನಲ್ಲಿ ಸಿಗುತ್ತದೆ, ವರ್ಷಗಳ ಮೇಲೆ.

ಬೇರೆ ಮೂಲವೆಂದು ಈಗ ಬಸ್‌ಸ್ಟ್ಯಾಂಡಿನ ಪಕ್ಕ ಶುದ್ಧ ನೀರಿನ ಘಟಕ ಬಂದಿದೆ. ನಾಣ್ಯ ಹಾಕಿದರೆ ಕೊಡ ತುಂಬುತ್ತದೆ. ಸೋಸಿ ತೆಗೆದ ಉಪ್ಪನ್ನೆಲ್ಲ ಹೊತ್ತ ನೀರು ಹಿಂದಿನ ಚರಂಡಿಗೆ ಬಿದ್ದು ಅಲ್ಲೇ ಇಂಗುತ್ತದೆ. ಫಿಲ್ಟರು ಕೆಟ್ಟು ಘಟಕಕ್ಕೆ ಬೀಗ ಬಿತ್ತೆನ್ನಿ, ಊರಿಗೆ ಬೇರೆ ಮೂಲವಿಲ್ಲ ಎಂದಾಯಿತು. ಆ ಗಳಿಗೆಯಿಂದ, ಮಾನಕದ ಪ್ರಕಾರ, ಕೊಳವೆಬಾವಿಯ ನೀರು ಮತ್ತೆ ಕುಡಿಯಲು ಯೋಗ್ಯ.