ಅಳಿಯನ ಫೋನೂ ನಮ್ಮೂರೂ

ನಮ್ಮ ಬಾದನಹಟ್ಟಿಯನ್ನು ಅಳಿಯನ ಫೋನು ಎತ್ತಿ ಚಿತ್ರದುರ್ಗ ಜಿಲ್ಲೆಯಲ್ಲಿ ಇಟ್ಟುಬಿಟ್ಟಿತು. ಬಳ್ಳಾರಿ ತಾಲೂಕಿನಿಂದ ಬಿಡಿಸಿ ಕುರುಗೋಡು ತಾಲೂಕಿಗೆ ಸೇರಿಸೋಕೇ ಸರ್ಕಾರ ವರ್ಷಗಟ್ಟಲೆ ತಗೊಂಡಿತ್ತು. ಇದಕ್ಕೆ ಒಂದು ಗಳಿಗೆ ಸಾಕಾಯಿತು. ಅದೂ ಎಂಥ ಗತ್ತಿನಲ್ಲಿ! "ಮಾವಾ, ಕಂಪ್ಯೂಟರ್ ಸುಳ್ಳು ಹೇಳ್ತೈತೇನು?" ಅಂದ ಅಳಿಯ. ಊರು ಬದಲಾಗಿರಬಹುದು, ಹೊರಗೆ ಹೋಗಿ ನೋಡಿ ಬಾ ಅಂದೆ.

ಸುಳ್ಳು ಅನ್ನೋದು ತಪ್ಪು. ಪಾಪ, ಅದು ಊಹಿಸಿತು. ಚಿತ್ರದುರ್ಗದ ಕಡೆ ಹಟ್ಟಿಗಳು ಬೇಕಾದಷ್ಟು. ಹೆಸರಿನ ಕೊನೆಗೆ ‘ಹಟ್ಟಿ’ ಕಂಡದ್ದೇ ಆ ದಿಕ್ಕಿಗೆ ವಾಲಿರಬೇಕು. ಫೋನಿನಲ್ಲಿ ಕೇಳಿದ್ದಕ್ಕೆ ಉತ್ತರ ಕೊಡುವ ಈ ಎಐ ಯಂತ್ರದ ಕಸುಬೇ ಅದು: ಬೆಟ್ಟದಷ್ಟು ಬರಹ ಓದಿ, ಇಷ್ಟು ಮಾತಾದ ಮೇಲೆ ಮುಂದಿನ ತುಣುಕು ಯಾವುದು ಬರಬಹುದು ಅಂತ ಲೆಕ್ಕ ಹಾಕುವುದು. ನಾವು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮಾತನ್ನು ತಾವೇ ಮುಗಿಸುವ ಒಬ್ಬರು ಪ್ರತಿ ಊರಿನ ಕಟ್ಟೆಯ ಮೇಲೂ ಇರ್ತಾರಲ್ಲ, ಥೇಟ್ ಅವರೇ. ಹತ್ತಕ್ಕೆ ಎಂಟು ಸರಿ ಇರ್ತದೆ. ತಪ್ಪಿದ ಎರಡನ್ನೂ ಅದೇ ಠೀವಿಯಲ್ಲಿ ಹೇಳ್ತಾರೆ.

ಆಟ ಹಳೆಯದು. ಕ್ಲಾಡ್ ಶಾನನ್ ಎಂಬ ಅಮೆರಿಕದ ಗಣಿತಜ್ಞ ಮನುಷ್ಯರಿಂದಲೇ ಮುಂದಿನ ಅಕ್ಷರ ಊಹೆ ಮಾಡಿಸಿ 1951ರಲ್ಲಿ ಪ್ರಬಂಧ ಬರೆದಿದ್ದ. 2017ರಲ್ಲಿ ಗೂಗಲ್ಲಿನ ಸಂಶೋಧಕರು, ವಾಕ್ಯದ ಒಂದೊಂದು ಪದವೂ ಉಳಿದ ಪದಗಳನ್ನೆಲ್ಲ ಗಮನಿಸಿ ಅರ್ಥ ಹೊಂದಿಸಿಕೊಳ್ಳುವ ‘ಟ್ರಾನ್ಸ್‌ಫಾರ್ಮರ್’ ಎಂಬ ವಿಧಾನ ತಂದರು. (ನಮಗೆ ಗೊತ್ತಿದ್ದ ಟ್ರಾನ್ಸ್‌ಫಾರ್ಮರ್ ಸುಟ್ಟರೆ ಪಂಪ್‌ಸೆಟ್ ನಿಲ್ಲುತ್ತಿತ್ತು.) 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು, ಅಲ್ಲಿಂದ ಅಳಿಯಂದಿರೆಲ್ಲ ಪಂಡಿತರಾದರು.

ಕನ್ನಡದಲ್ಲಿ ಅದಕ್ಕೆ ಓದಲು ಸಿಕ್ಕದ್ದು ಇಂಗ್ಲಿಷಿಗಿಂತ ಬಹಳ ಕಡಿಮೆ. ಸಾಲದ್ದಕ್ಕೆ ನಮ್ಮ ಒತ್ತಕ್ಷರಗಳು. ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಕಂಪ್ಯೂಟರಿಗೆ 6 ಸಂಕೇತ. ಇಲ್ಲೊಂದು ಚಟಾಕಿ ಹಾರಿಸಬಹುದಿತ್ತು. ಮನೆಯವರು ಇದನ್ನು ಓದುತ್ತಾರೆ, ಬಿಡಿ.

ಇನ್ನೊಂದು ಪಜೀತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ, ಭತ್ತ ನಂಬಿದ ಈ ಸೀಮೆಯಲ್ಲಿ ಯಾರ ಕಣ್ಣಿಗೂ ನಿದ್ದೆ ಹತ್ತಲಿಲ್ಲ. ಅದಕ್ಕೆ ಮೊದಲೇ ಓದು ನಿಲ್ಲಿಸಿದ ಯಂತ್ರಕ್ಕೆ, ಅಂತರ್ಜಾಲದಲ್ಲಿ ಹುಡುಕುವ ಅನುಕೂಲವೂ ಇರದಿದ್ದರೆ, 33 ಗೇಟೂ ಭದ್ರವಾಗೇ ಇರುತ್ತವೆ. ಅದರಷ್ಟು ನಿಶ್ಚಿಂತೆ ನಮಗೆಲ್ಲಿಂದ ಬರಬೇಕು?

ಹಾಗಂತ ಒಗೆಯುವ ಸಾಮಾನಲ್ಲ. ಅಕ್ಕನಿಗೆ ಬಂದ ಇಂಗ್ಲಿಷ್ ಬ್ಯಾಂಕ್ ಕಾಗದವನ್ನು ಫೋಟೋ ಹೊಡೆದು ಕೇಳಿದರೆ, ಬೆದರಿಕೆ ಎಷ್ಟು, ಬಡ್ಡಿ ಎಷ್ಟು ಅಂತ ಬಿಡಿಸಿ ಹೇಳಿತು. ತಹಶೀಲ್ದಾರರಿಗೆ ಅರ್ಜಿ ಬರೆ ಅಂದರೆ "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಅಂತ ಶುರು ಮಾಡಿತು ನೋಡಿ, ಹುಟ್ಟಿದಾಗಿನಿಂದ ಕಚೇರಿಯಲ್ಲೇ ಇದ್ದ ಹಾಗೆ! ಲಕ್ಷ ಜನ ಬರೆದ ಧಾಟಿಯಲ್ಲಿ ಇನ್ನೊಂದು ಬರೆಯುವುದು, ಉದ್ದದ್ದನ್ನು ಗಿಡ್ಡ ಮಾಡುವುದು, ಗಡಸು ಮಾತನ್ನು ಮೆತ್ತಗೆ ಮಾಡುವುದು: ಇದರಲ್ಲಿ ಅದರ ಕೈ ಪಳಗಿದೆ. ನಮ್ಮೂರಿನಂಥ, ಯಾರೂ ಹೆಚ್ಚು ಬರೆಯದ ಊರುಗಳ ಸುದ್ದಿಯಲ್ಲೇ ಎಡವುತ್ತದೆ.

ಆದ್ದರಿಂದ ಮೆಣಸಿನಗಿಡಕ್ಕೆ ಯಾವ ಔಷಧಿ ಎಷ್ಟು ಹೊಡೀಬೇಕು ಅಂತ ಅದರ ಮಾತೊಂದನ್ನೇ ನಂಬಿ ಹೊಲಕ್ಕೆ ಇಳೀಬೇಡಿ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಅರ್ಜಿ ಬರೆಸೋದಿದ್ದರೆ ಸಂಜೆ ನಮ್ಮನೆಗೆ ಬನ್ನಿ, ಅಳಿಯ ಇರ್ತಾನೆ. ಸರ್ವೆ ನಂಬರು ಮಾತ್ರ ಪಹಣಿ ನೋಡಿ ನೀವೇ ಹೇಳಿ. ಬಿಟ್ಟರೆ ಅದನ್ನೂ ಅದೇ ಊಹಿಸುತ್ತದೆ.