ಕಲ್ಲಿಡುವ ಕಷ್ಟ
ನೀರಿನ ಸಸಿಗಳನ್ನು ಬೆಳೆಸುವ ಗಾಜಿನ ತೊಟ್ಟಿಯೊಳಗೆ ನಾಲ್ಕು ಕಲ್ಲಿಡುವುದು ಅದೆಷ್ಟರ ಕಾರ್ಯವೆಂದು ಉಪೇಕ್ಷೆಯಿಂದಿದ್ದ ನನಗೆ, ಜಪಾನೀಯರು 'ಇವಾಗುಮಿ' ಎಂದು ಕರೆಯುವ ಶಿಲಾವಿನ್ಯಾಸದಲ್ಲಿ ಕಲ್ಲುಕಲ್ಲಿಗೂ ಅಂತಸ್ತುಂಟೆಂಬುದು ತಿಳಿದಂದಿನಿಂದ ನಿದ್ರೆ ದೂರವಾಯಿತು. ಎಲ್ಲಕ್ಕೂ ದೊಡ್ಡದು 'ಓಯಾಇಶಿ', ಎಂದರೆ ಯಜಮಾನಶಿಲೆ. ಅದಕ್ಕಿಂತ ತುಸು ಕುಳ್ಳಾದ ಜೊತೆಗಾರ 'ಫುಕುಇಶಿ'. ಆಶ್ರಿತನಂತೆ ನಿಲ್ಲುವ 'ಸೋಎಇಶಿ'. ಕಡೆಗೆ, ಸಸಿಗಳು ಹಬ್ಬಿದೊಡನೆ ಮರೆಯಾಗಿಹೋಗಬಹುದಾದ ತ್ಯಾಗಜೀವಿ 'ಸುತೆಇಶಿ'. ಒಟ್ಟು ಸಂಖ್ಯೆ ಬೆಸವಾಗಿರತಕ್ಕದ್ದಾದುದರಿಂದ ನನ್ನ ನಾಲ್ಕು ಐದಾಯಿತು. ಯಜಮಾನನು ನಟ್ಟನಡುವೆ ನಿಲ್ಲಲಾಗದು. ಗೃಹಸ್ಥನಾದ ನನಗೆ ಈ ನಿಯಮವೇನೂ ಹೊಸದೆನಿಸಲಿಲ್ಲ.

ಈ ಜಲೋದ್ಯಾನಕಲೆಯನ್ನು ಜಗತ್ತಿಗೆ ಪರಿಚಯಿಸಿದ ಜಪಾನಿನ ನೀಗಾತದ ತಕಾಶಿ ಅಮಾನೋ (1954–2015) ಮೊದಲು ಸೈಕಲ್ ಪಂದ್ಯಗಳಲ್ಲಿ ಸ್ಪರ್ಧಿಸುತ್ತಿದ್ದವರಂತೆ. ಅವರ ವೇಗವೆಲ್ಲ ಅಲ್ಲಿಯೇ ಮುಗಿದಿರಬೇಕು. ನಾನಂತೂ ಯಜಮಾನಶಿಲೆಯನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತ ಮೂರು ಸಂಜೆಗಳನ್ನು ಕಳೆದೆನು.

"ಏನೂಂದ್ರೆ, ಒರಳುಕಲ್ಲು ಕೂರಿಸೋದಕ್ಕೂ ಇಷ್ಟು ಹೊತ್ತು ಹಿಡೀತಿರಲಿಲ್ಲವಲ್ಲ!" ಎಂದಳು ಮಡದಿ.

ಹಸಿರು ಹಾಸಲೆಂದು ನೆಟ್ಟ ಸಸಿಗಳಿಗಿಂತ ಮುಂಚೆ, ಕರೆಯದೆಯೇ ಬಂದ ಪಾಚಿ ಹಾಸಿತು. ಅದನ್ನು ಮೇಯಲು ಅಮಾನೋ ಅವರ ಹೆಸರನ್ನೇ ಹೊತ್ತ ಸಿಗಡಿಗಳನ್ನು ತಂದು ಬಿಟ್ಟೆನು. ಅವುಗಳಲ್ಲೊಂದು ಈಗ ಓಯಾಇಶಿಯ ನೆತ್ತಿಯೇರಿ ಕುಳಿತು, ಮೀಸೆಯಾಡಿಸುತ್ತ, ಯಜಮಾನಿಕೆಯನ್ನು ತಾನೇ ವಹಿಸಿಕೊಂಡಿದೆ.